ಸೈಕಲ್ ತುಳಿದು ಎಷ್ಟು ಕರೆಂಟು ತೆಗೆಯಬಹುದು?

ಬದಿಯಡ್ಕದಿಂದ ಪ್ರಶ್ನೆ: ಮಳೆಗಾಲದಲ್ಲಿ ಗಾಳಿಗೆ ಮರ ತಂತಿಗೆ ಬಿದ್ದರೆ ನಮ್ಮ ಕಡೆ ಕರೆಂಟು ಬರುವುದು ಮರುದಿನವೇ. ಹಳೇ ಸೈಕಲೊಂದಿದೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮೋಟಾರು ಕೂಡಿಸಿ ತುಳಿದರೆ ಲೈಟು, ಫ್ಯಾನು, ಬಾವಿಯ ಒಂದು ಎಚ್‌ಪಿ ಪಂಪು ಓಡೀತೇ? ಮಾಡಿ ನೋಡಿದವರು ಹೇಳಿ.

ಪೆರ್ಲದಿಂದ: ಲೈಟು ಖಂಡಿತ. ಫ್ಯಾನು ಯಾವುದೆಂಬುದರ ಮೇಲೆ. ಪಂಪಿನ ಆಸೆ ಬಿಡಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಅಭ್ಯಾಸವಿಲ್ಲದ, ಆದರೆ ಗಟ್ಟಿಮುಟ್ಟಾದವರು ಗಂಟೆಗಟ್ಟಲೆ ತುಳಿದರೆ ಸಿಗುವುದು 75ರಿಂದ 100 ವ್ಯಾಟ್. ಅದೂ ಪೆಡಲಿನಲ್ಲಿ. ಟಯರು ಮೋಟಾರಿನ ರೋಲರಿಗೆ ಒತ್ತಿ ಅದನ್ನು ತಿರುಗಿಸುವಲ್ಲಿ ಸ್ವಲ್ಪ, ಮೋಟಾರಿನೊಳಗೆ ಸ್ವಲ್ಪ ಹೋಗಿ ಬ್ಯಾಟರಿಗೆ ಮುಟ್ಟುವುದು 50-60. ನಮ್ಮಲ್ಲಿ 9 ವ್ಯಾಟಿನ ನಾಲ್ಕು ಎಲ್‌ಇಡಿ ಉರಿಯುವಾಗ ಮಾತಾಡುತ್ತಲೇ ತುಳಿಯಬಹುದು. 75 ವ್ಯಾಟಿನ ಹಳೇ ಸೀಲಿಂಗ್ ಫ್ಯಾನಿನ ಸ್ವಿಚ್ಚು ಒತ್ತಿದ್ದೇ ತಡ, ಹಿಂದಿನಿಂದ ಯಾರೋ ಬ್ರೇಕು ಹಿಡಿದಂತೆ ಪೆಡಲು ಬಿಗಿಯುತ್ತದೆ, ಸ್ವಲ್ಪ ಹೊತ್ತಿಗೆ ತೊಡೆ ಉರಿ. ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನ ಫ್ಯಾನಾದರೆ 30 ವ್ಯಾಟಿನ ಆಸುಪಾಸು, ಅದನ್ನೇ ಹಾಕಿಸಿ.

ಕುಂಬಳೆಯಿಂದ: ನನ್ನ ಸೈಕಲಿನಲ್ಲಿ ಪವರ್ ಮೀಟರ್ ಇದೆ. ಹೆದ್ದಾರಿಯಲ್ಲಿ ಆರಾಮವಾಗಿ ಹೋಗುವಾಗ 120 ತೋರಿಸುತ್ತದೆ, ಸೀತಾಂಗೋಳಿಯ ಏರಿನಲ್ಲಿ 250 ದಾಟುತ್ತದೆ, ಆದರೆ ಆ ಗತಿ ಹೆಚ್ಚು ಹೊತ್ತು ನಿಲ್ಲದು. ಒಂದು ಗಂಟೆ 400 ವ್ಯಾಟ್ ಕೊಡುವವರು ಜಗತ್ತಿನ ಅಗ್ರ ಸ್ಪರ್ಧಿಗಳು ಮಾತ್ರ. ಸಾವಿರ ದಾಟುವುದು ಕೆಲವೇ ಸೆಕೆಂಡಿನ ಸ್ಪ್ರಿಂಟಿನಲ್ಲಿ. ನಿಮ್ಮದೆಷ್ಟೆಂದು ತಿಳಿಯಲು ಮೀಟರ್ ಬೇಡ, ಮನೆಯ ಮೆಟ್ಟಿಲು ಸಾಕು: 60 ಕಿಲೋ ತೂಕದವರು 3 ಮೀಟರ್ ಎತ್ತರವನ್ನು 10 ಸೆಕೆಂಡಿನಲ್ಲಿ ಹತ್ತಿದರೆ ಸುಮಾರು 176 ವ್ಯಾಟ್. ಹಾಗೆಂದು ಈ ಶಕ್ತಿಯನ್ನು ಸಣ್ಣದೆನ್ನಬೇಡಿ. 1979ರಲ್ಲಿ ಅಮೆರಿಕದ ಬ್ರಯಾನ್ ಅಲೆನ್ ಹಗುರ ವಿಮಾನವೊಂದರಲ್ಲಿ ಕೂತು ಬರೀ ಪೆಡಲ್ ತುಳಿದು, ಮೂರು ಗಂಟೆಗೆ ಹತ್ತಿರ ಹಾರಿ, ಇಂಗ್ಲಿಷ್ ಕಾಲುವೆಯನ್ನೇ ದಾಟಿದ್ದಾರೆ. ಹಗುರವಾದ ಕೆಲಸಕ್ಕೆ ಕಟ್ಟಿದರೆ ಕಾಲಿನ ಬಲ ದೊಡ್ಡದೇ.

ಮುಳ್ಳೇರಿಯದಿಂದ: ನೀರೇ ಬೇಕಾದರೆ ನಡುವೆ ಕರೆಂಟು ಯಾಕೆ? ಪೆಡಲಿನಿಂದ ನೇರ ಹಗ್ಗ-ವಾಷರಿನ ಪಂಪು ತಿರುಗಿಸಿ; ಹಗ್ಗಕ್ಕೆ ಪೋಣಿಸಿದ ವಾಷರುಗಳು ಪೈಪಿನೊಳಗೆ ನೀರನ್ನು ಮೇಲೆತ್ತುತ್ತವೆ. 10 ಮೀಟರ್ ಆಳದಿಂದ ಒಂದು ಲೀಟರ್ ಎತ್ತಲು 98 ಜೂಲ್ ಬೇಕು. 75 ವ್ಯಾಟಿನಲ್ಲಿ ಅರ್ಧ ಪೋಲಾದರೂ ನಿಮಿಷಕ್ಕೆ 20 ಲೀಟರಿಗೆ ಮೋಸವಿಲ್ಲ. ಮಳೆಗಾಲದಲ್ಲಿ ಬಾವಿಯ ನೀರು ಮೇಲೇ ಇರುತ್ತದೆ, ಇನ್ನೂ ಸಲೀಸು. ಅಡುಗೆಗೆ, ದನಕ್ಕೆ ಸಾಕು; ತೋಟಕ್ಕೆ ಆಗ ನೀರು ಬೇಡವಲ್ಲ.

ಪೆರ್ಲದಿಂದ ಮತ್ತೆ: ಇವರು ಹೇಳಿದ್ದು ಸರಿ. ಲೈಟಿನ ವಿಷಯದಲ್ಲಿ ಎರಡು ಮಾತು. ಕಾರಿನ ಆಲ್ಟರ್ನೇಟರ್ ತರಬೇಡಿ, ಅದಕ್ಕೆ ವೇಗವೂ ಬೇಕು, ಹುಟ್ಟಿಸಿದ್ದರಲ್ಲಿ ತಾನೇ ಒಂದು ಪಾಲು ತಿನ್ನುತ್ತದೆ. ಕಾಯಂ ಅಯಸ್ಕಾಂತದ ಡಿಸಿ ಮೋಟಾರು ಒಳ್ಳೆಯದು. ಮೋಟಾರಿಗೂ ಬ್ಯಾಟರಿಗೂ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿಯೇ ಹಾಕಿ. ಇಲ್ಲದಿದ್ದರೆ ನೀವು ತುಳಿಯುವುದು ನಿಲ್ಲಿಸಿದ ಮೇಲೂ ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ, ಹಿಂದಿನ ಚಕ್ರ ಓಡುತ್ತಲೇ ಇರುತ್ತದೆ. ಮಕ್ಕಳಿರುವ ಮನೆಯಾದರೆ ಆ ಚಕ್ರಕ್ಕೆ ಜಾಲರಿಯೂ ಬೇಕು.