ಒಟ್ಟು ಆರೋಗ್ಯ ವೆಚ್ಚದ ಮುನ್ನಂದಾಜು ಕೈಮೀರಿ ಏರುತ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ:
2004ರಿಂದ 2023ರವರೆಗೆ ದೇಶದ ಒಟ್ಟು ಆರೋಗ್ಯ ವೆಚ್ಚದ ವಾರ್ಷಿಕ ಅಂಕಿಗಳಿವೆ, ಆಯಾ ವರ್ಷದ ಬೆಲೆಯಲ್ಲಿ. ಲಾಗ್ ತೆಗೆದು ನೇರ ಗೆರೆ ಕೂರಿಸಿದರೆ ವರ್ಷಕ್ಕೆ 9% ಬೆಳವಣಿಗೆ, ಆರ್-ಸ್ಕ್ವೇರ್ (ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆಂಬ ಅಳತೆ, ಗರಿಷ್ಠ 1) 0.99. ಜಿಡಿಪಿ 6% ಬೆಳೆಯುತ್ತದೆಂದು ಇಟ್ಟುಕೊಂಡರೆ ಜಿಡಿಪಿಯಲ್ಲಿ ಆರೋಗ್ಯ ವೆಚ್ಚದ ಈಗಿನ 8% ಪಾಲು 30 ವರ್ಷಕ್ಕೆ 18.5% ಮುಟ್ಟುತ್ತದೆ. ನಂಬಬಹುದೇ?

ಉತ್ತರ 1:
0.99 ನೋಡಿ ಮರುಳಾಗಬೇಡಿ. ಏರುತ್ತಲೇ ಇರುವ ಸರಣಿಗೆ ಯಾವ ಗೆರೆ ಎಳೆದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಮೊದಲು ಬೆಳವಣಿಗೆಯನ್ನು ಬಿಡಿಸಿ. ಉದಾಹರಣೆಗೆ (ನಿಮ್ಮ 9% ಅಲ್ಲ, ಬರೀ ಮಾದರಿ ಅಂಕಿಗಳು) ಜನಸಂಖ್ಯೆ 1%, ವಯೋರಚನೆ 0.5%, ಸಾಮಾನ್ಯ ಬೆಲೆಯೇರಿಕೆ 3%, ಅದನ್ನು ಮೀರಿದ ವೈದ್ಯಕೀಯ ಬೆಲೆಯೇರಿಕೆ 0.8%, ಉಳಿದ 1.9% ತಲಾ ಸೇವೆಯ ಪ್ರಮಾಣ ಮತ್ತು ತಂತ್ರಜ್ಞಾನ. ಕೂಡಿಸಿದರೆ 7.2%, ಆದರೆ ಗುಣಿಸಬೇಕು: 7.4%. 30 ವರ್ಷಕ್ಕೆ ಆ 0.2 ಸಣ್ಣದಲ್ಲ.

ಕಾಡುವುದು ಕೊನೆಯ ಅಂಶ. ಅದು ಶೇಷ, ಅಳತೆಯ ದೋಷಗಳೆಲ್ಲ ಅಲ್ಲೇ ಬಂದು ಬೀಳುತ್ತವೆ. ಗ್ರಾಹಕ ಬೆಲೆ ಸೂಚ್ಯಂಕದ ಆರೋಗ್ಯ ಭಾಗ ಮುಖ್ಯವಾಗಿ ಮನೆಯವರು ಕೈಯಿಂದ ಕೊಡುವ ಬೆಲೆಯನ್ನು ಹಿಡಿಯುತ್ತದೆ. ಸರ್ಕಾರ ಚೌಕಾಸಿ ಮಾಡಿ ಕೊಡುವ ದರ ಬೇರೆ. ಬೆಲೆಯನ್ನು ಹೆಚ್ಚು ಅಳೆದರೆ ಶೇಷ ಕುಗ್ಗುತ್ತದೆ. ತಲಾ ನೈಜ ವೆಚ್ಚದ ಲಾಗ್ ವ್ಯತ್ಯಾಸಗಳನ್ನು (ವರ್ಷದಿಂದ ವರ್ಷಕ್ಕೆ ಲಾಗ್‌ನಲ್ಲಾದ ಬದಲಾವಣೆ, ಅಂದರೆ ಹೆಚ್ಚುಕಮ್ಮಿ ಬೆಳವಣಿಗೆ ದರ) ತಲಾ ನೈಜ ಆದಾಯದ ಮೇಲೆ ಹೊಂದಿಸಿ, ಒಂದೆರಡು ವರ್ಷದ ಹಿಂದಿನ ಆದಾಯವನ್ನೂ ಸೇರಿಸಿ, ಏಕೆಂದರೆ ಬಜೆಟ್ಟೂ ವಿಮೆಯ ಒಪ್ಪಂದಗಳೂ ತಡವಾಗಿ ಮಿಸುಕುತ್ತವೆ. ಇರುವುದು 19 ವ್ಯತ್ಯಾಸ, ಮೂರು ಗುಣಾಂಕಕ್ಕಿಂತ ಹೆಚ್ಚು ಬೇಡ. ದೀರ್ಘಾವಧಿಗೆ ಜಿಡಿಪಿ ಮೀರಿದ ಬೆಳವಣಿಗೆಯನ್ನು ನಿಧಾನವಾಗಿ ಸೊನ್ನೆಯತ್ತ ಇಳಿಸುವುದು ವಾಡಿಕೆ. ಇಳಿಕೆಯ ವೇಗ ಮಾತ್ರ ನಿಮ್ಮ ವಿವೇಚನೆ, ಹಾಗೆಂದೇ ಬರೆದುಬಿಡಿ.

ಉತ್ತರ 2:
ವಯಸ್ಸಿನ ವಿಷಯ: 65+ ಎಂದು ಒಂದೇ ಗಂಟು ಕಟ್ಟಬೇಡಿ, ಐದೈದು ವರ್ಷದ ಗುಂಪು ಮಾಡಿ. ಚಿಕಿತ್ಸೆಯ ಖರ್ಚು ಸಾವಿಗೆ ಮುಂಚಿನ ತಿಂಗಳುಗಳಲ್ಲಿ ತುಂಬ ಏರುತ್ತದೆ. ಆಯುಷ್ಯ ಹೆಚ್ಚಿದರೆ ಆ ಖರ್ಚೂ ಮುಂದಕ್ಕೆ ಹೋಗುತ್ತದೆ. ಇಂದಿನ ವಯೋವಾರು ವೆಚ್ಚವನ್ನು ಹಾಗೇ ಹಚ್ಚಿದರೆ ಅಂದಾಜು ಉಬ್ಬುತ್ತದೆ. ದೀರ್ಘಾವಧಿ ಆರೈಕೆಗೆ ಈ ತರ್ಕ ಅಷ್ಟಾಗಿ ಒಪ್ಪುವುದಿಲ್ಲ, ಬೇರೆ ಲೆಕ್ಕ ಇಡಿ.

ಪ್ರಶ್ನೆ ಕೇಳಿದವರು:
2020 ಅನ್ನು ಕಿತ್ತುಹಾಕಲೇ?

ಉತ್ತರ 3:
ಬೇಡ, 2020 ಮತ್ತು 2021ಕ್ಕೆ ಪ್ರತ್ಯೇಕ ಡಮ್ಮಿ (ಆ ಒಂದು ವರ್ಷಕ್ಕೆ 1, ಉಳಿದವಕ್ಕೆ 0 ಇರುವ ಚರ) ಹಾಕಿ. 2020ರಲ್ಲಿ ಪಾಲಿನ ಛೇದದಲ್ಲಿರುವ ಜಿಡಿಪಿಯೇ ಅನೇಕ ಕಡೆ ಕುಸಿದಿತ್ತು. ನಿಮ್ಮ ಸರಣಿ ನಡುವೆ ಎಸ್‌ಎಚ್‌ಎ 2011 ಎಂಬ ಅಂತರರಾಷ್ಟ್ರೀಯ ಆರೋಗ್ಯ ಲೆಕ್ಕಪದ್ಧತಿಗೆ ಬದಲಾಗಿದೆಯೇ ಎಂದೂ ನೋಡಿ. ಅದರಲ್ಲಿ ಬಂಡವಾಳ ವೆಚ್ಚ ಬೇರೆ ನಿಲ್ಲುತ್ತದೆ, ಹಾಗಾಗಿ ಸುಳ್ಳು ಇಳಿತ ಕಾಣಬಹುದು.

ಆಮೇಲೆ 2015ಕ್ಕೆ ದತ್ತಾಂಶ ಕತ್ತರಿಸಿ, ಮುಂದಿನದನ್ನು ಎರಡು ಸಲ ಅಂದಾಜಿಸಿ: ಒಮ್ಮೆ ಆಗ ಲಭ್ಯವಿದ್ದ ಜಿಡಿಪಿ ಮುನ್ನಂದಾಜಿನಿಂದ, ಇನ್ನೊಮ್ಮೆ ನಿಜವಾದ ಜಿಡಿಪಿಯಿಂದ. ಎರಡನೆಯದರ ದೋಷ ಚಿಕ್ಕದಾದರೆ ತಪ್ಪು ಜಿಡಿಪಿ ಮುನ್ನಂದಾಜಿನದು, ನಿಮ್ಮ ಮಾದರಿಯನ್ನು ಕೆದಕಬೇಡಿ. 2019ರವರೆಗಿನ ದೋಷವನ್ನು ಬೇರೆಯೇ ತೋರಿಸಿ.