ಶಾಲಾ ಲ್ಯಾಬಿಗೆ ಇಂಟರ್ನೆಟ್, ಮಕ್ಕಳಿಗೆ ಇಮೇಲ್: ಬೀಗ ಎಲ್ಲಿ ಹಾಕಬೇಕು?

ಚಿಂಚವಡ_ಗಣಕ

ಎಲ್ಲರಿಗೂ ನಮಸ್ಕಾರ. ಪುಣೆ ಕಡೆಯ, ಕನ್ನಡಿಗರ ಆಡಳಿತದ ಒಂದು ಶಾಲೆಗಾಗಿ ಕೇಳುತ್ತಿದ್ದೇನೆ. 5ರಿಂದ 10ನೇ ಇಯತ್ತೆ, ಲ್ಯಾಬಿನಲ್ಲಿ 24 ಕಂಪ್ಯೂಟರು, ಎಲ್ಲವೂ ವಿಂಡೋಸ್ 10. ಒಂದೇ ಫೈಬರ್ ಲೈನು, ಕಂಪನಿಯವರೇ ಕೊಟ್ಟ ರೌಟರು. ಜೂನ್‌ನಿಂದ 8, 9, 10ರ ಮಕ್ಕಳಿಗೆ ಶಾಲೆಯದೇ ಇಮೇಲ್ ಕೊಡುವ ಯೋಚನೆ ಇದೆ. ಟ್ರಸ್ಟಿಗಳಲ್ಲಿ ಅರ್ಧ ಜನ ಯೂಟ್ಯೂಬ್ ಪೂರ್ತಿ ಬಂದ್ ಮಾಡಿ ಅಂತಾರೆ, ಉಳಿದವರು ಬೇಡ ಅಂತಾರೆ. ಪಾಲಕರಲ್ಲಿ ಕನ್ನಡ ಓದುವವರೂ ಇದ್ದಾರೆ, ಮರಾಠಿ ಓದುವವರೂ ಇದ್ದಾರೆ. ಎಷ್ಟೋ ಮನೆಯಲ್ಲಿ ಇರುವುದು ಒಂದೇ ಮೊಬೈಲ್.

ಪ್ರಶ್ನೆ ಮೂರು. ಹೆಚ್ಚು ಖರ್ಚಿಲ್ಲದೆ ಕೆಟ್ಟ ಸೈಟು ತಡೆಯುವುದು ಹೇಗೆ? ಇಮೇಲ್‌ಗೆ ಏನು ಕಟ್ಟುಪಾಡು ಬೇಕು? ಪಾಲಕರ ಸಹಿ ತೆಗೆದುಕೊಳ್ಳುವ ನಿಯಮಪತ್ರದಲ್ಲಿ ಏನು ಬರೆಯಬೇಕು?

---

ಡೊಂಬಿವಲಿ_ವೈರ್‌ಮನ್

ಮೊದಲನೆಯದಕ್ಕೆ ನನ್ನ ಉತ್ತರ. ದುಡ್ಡು ಕೊಟ್ಟು ಫೈರ್‌ವಾಲ್ ಪೆಟ್ಟಿಗೆ ತರುವ ಮೊದಲು ರೌಟರಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ನಂಬರ್ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ನೋಡಿ. ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್ ಉಚಿತ: 185.228.168.168 ಮತ್ತು 185.228.169.168. ಇದು ಅಶ್ಲೀಲ ಸೈಟುಗಳನ್ನೂ ಪ್ರಾಕ್ಸಿ, ವಿಪಿಎನ್ ಸೈಟುಗಳನ್ನೂ ತಡೆಯುತ್ತದೆ, ಗೂಗಲ್‌ನಲ್ಲಿ ಸೇಫ್‌ಸರ್ಚ್ ಹೇರುತ್ತದೆ, ಯೂಟ್ಯೂಬ್ ಅನ್ನು ದೊಡ್ಡವರ ವಿಡಿಯೊ ಸೋಸುವ ರಿಸ್ಟ್ರಿಕ್ಟೆಡ್ ಮೋಡ್‌ನಲ್ಲಿ ಇಡುತ್ತದೆ. ಯೂಟ್ಯೂಬ್ ಪೂರ್ತಿ ಮುಚ್ಚಬೇಡಿ. ಸರ್ಕಾರದ ಪಾಠಗಳ ತಾಣ ದೀಕ್ಷಾದಲ್ಲಿರುವ ಕೆಲವು ಪಾಠಗಳೂ ಯೂಟ್ಯೂಬ್ ವಿಡಿಯೊಗಳೇ, ಅವೂ ನಿಂತುಹೋಗುತ್ತವೆ.

ಸೋರಿಕೆ ಆಗುವುದು ಇಲ್ಲಿ:

1. ಮೊದಲ ವಿಳಾಸ ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಾರೆ. ಆಗ ಅರ್ಧ ಹುಡುಕಾಟ ಕಂಪನಿಯ ಡಿಎನ್‌ಎಸ್‌ಗೇ ಹೋಗುತ್ತದೆ. "ಒಮ್ಮೆ ತೆರೆಯುತ್ತೆ, ಒಮ್ಮೆ ತೆರೆಯಲ್ಲ" ಎಂಬ ದೂರು ಬಂದರೆ ಬಹುಪಾಲು ಇದೇ ಕಾರಣ.

2. ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಚಾಲೂ ಇದ್ದರೆ ಅದರ ಡಿಎನ್‌ಎಸ್ ಬೇರೆ. ಅಲ್ಲಿಯೂ ಬದಲಿಸಿ, ಇಲ್ಲವೇ ಲ್ಯಾಬಿನ ಮಟ್ಟಿಗೆ ಐಪಿವಿ6 ನಿಲ್ಲಿಸಿ.

3. ಬ್ರೌಸರ್ ತನ್ನದೇ ಸೆಕ್ಯೂರ್ ಡಿಎನ್‌ಎಸ್ ಬಳಸಿದರೆ ರೌಟರಿನ ಮಾತು ನಡೆಯುವುದಿಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೆಕ್ಯೂರಿಟಿ ಹೀಗೆ ಒಳಗೆ ಹೋಗಿ ಅದನ್ನು ಆಫ್ ಮಾಡಬಹುದು. ಆದರೆ ಹುಡುಗರು ಅದೇ ದಾರಿಯಲ್ಲಿ ಹೋಗಿ ಮತ್ತೆ ಆನ್ ಮಾಡುತ್ತಾರೆ. ಹಾಗಾಗಿ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಡಿಎನ್‌ಎಸ್‌ಓವರ್‌ಎಚ್‌ಟಿಟಿಪಿಎಸ್‌ಮೋಡ್ (DnsOverHttpsMode) ಎಂಬ ಕ್ರೋಮ್ ಪಾಲಿಸಿಯನ್ನು ಆಫ್‌ಗೆ ಇಡಿ. ಮಕ್ಕಳ ವಿಂಡೋಸ್ ಖಾತೆ ಸ್ಟ್ಯಾಂಡರ್ಡ್ ಆಗಿದ್ದರೆ ಅದನ್ನು ಅವರು ಮುಟ್ಟಲಾಗದು. 24ರಲ್ಲಿ ಎಷ್ಟು ಕಂಪ್ಯೂಟರಿನಲ್ಲಿ ಮಕ್ಕಳು ಅಡ್ಮಿನ್ ಖಾತೆಯಲ್ಲೇ ಕೂತಿದ್ದಾರೆ ಎಂಬುದನ್ನು ಮೊದಲು ಎಣಿಸಿ.

ಕಂಪನಿಯ ರೌಟರಿನಲ್ಲಿ ಡಿಎನ್‌ಎಸ್ ಬದಲಿಸುವ ಜಾಗಕ್ಕೇ ಬೀಗ ಇರಬಹುದು. ಆಗ ಅದರ ಹಿಂದೆ ನಿಮ್ಮದೇ ಇನ್ನೊಂದು ರೌಟರು ಹಾಕಿ, ಲ್ಯಾಬಿನ ಸ್ವಿಚ್ಚನ್ನು ಅದಕ್ಕೆ ಜೋಡಿಸಿ. ಆ ರೌಟರಿನಲ್ಲಿ ಡಿಎನ್‌ಎಸ್ ಹೊರಹೋಗುವ ದಾರಿಗಳಾದ 53 ಮತ್ತು 853 ಪೋರ್ಟುಗಳನ್ನು ಕ್ಲೀನ್‌ಬ್ರೌಸಿಂಗ್‌ನ ಎರಡು ವಿಳಾಸ ಬಿಟ್ಟು ಉಳಿದೆಲ್ಲಕ್ಕೂ ಮುಚ್ಚಲು ಬಂದರೆ ಇನ್ನೂ ಒಳ್ಳೆಯದು.

ಪರೀಕ್ಷೆ ಸುಲಭ. ಡಿಎನ್‌ಎಸ್ ಕ್ಯಾಶ್ (ಕಂಪ್ಯೂಟರು ನೆನಪಿಟ್ಟ ಹಳೆಯ ವಿಳಾಸಗಳು) ಅಳಿಸಿ, ಯೂಟ್ಯೂಬ್ ತೆರೆದು ಯಾವುದಾದರೂ ಜನಪ್ರಿಯ ವಿಡಿಯೊ ಹಾಕಿ. ಕೆಳಗೆ ಕಾಮೆಂಟು ಕಾಣದಿದ್ದರೆ ರಿಸ್ಟ್ರಿಕ್ಟೆಡ್ ಮೋಡ್ ಹಿಡಿದಿದೆ ಎಂದರ್ಥ. 24 ಕಂಪ್ಯೂಟರಿನಲ್ಲೂ ನೋಡಿ, ಒಂದರಲ್ಲಿ ನೋಡಿ ಎದ್ದು ಹೋಗಬೇಡಿ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಯದ ಹಳೆಯ ಯಂತ್ರಗಳಿಗೆ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿ ನೋಡಬಹುದು. ಅದಕ್ಕೆ 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಸಾಕು.

ಇಷ್ಟೆಲ್ಲ ಮಾಡಿಯೂ ಸ್ಟಾಫ್ ರೂಮಿನ ವೈಫೈ ಪಾಸ್‌ವರ್ಡ್ ಗೋಡೆಯ ಮೇಲಿದ್ದರೆ ಎಲ್ಲ ನೀರಲ್ಲಿ ಹೋಮ.

---

ಮಾಟುಂಗಾ_ಅಂಚೆಪೆಟ್ಟಿಗೆ

ಇಮೇಲ್ ವಿಚಾರ ಹೇಳುತ್ತೇನೆ. ಮಾನ್ಯತೆ ಪಡೆದ ಶಾಲೆಗಳಿಗೆ ಗೂಗಲ್ ವರ್ಕ್‌ಸ್ಪೇಸ್‌ನ ಎಜುಕೇಷನ್ ಫಂಡಮೆಂಟಲ್ಸ್ ಉಚಿತ. ಶಾಲೆಯ ಹೆಸರಿನ ಡೊಮೇನ್ (ಇಮೇಲ್‌ನಲ್ಲಿ @ ಆದಮೇಲೆ ಬರುವ ಭಾಗ) ಮಾತ್ರ ನಿಮ್ಮ ಖರ್ಚು. ಅಡ್ಮಿನ್ ಕನ್ಸೋಲ್‌ನಲ್ಲಿ ಸಿಬ್ಬಂದಿಗೆ ಒಂದು, ಮಕ್ಕಳಿಗೆ ಒಂದು ವಿಭಾಗ ಮಾಡಿ. ಮಕ್ಕಳ ವಿಭಾಗಕ್ಕೆ ವಯಸ್ಸು 18ರೊಳಗೆ ಎಂದು ಗುರುತು ಹಾಕಿ. ಆಮೇಲೆ ಜಿಮೇಲ್‌ನ ಕಂಪ್ಲಯನ್ಸ್ ಭಾಗದಲ್ಲಿ ರಿಸ್ಟ್ರಿಕ್ಟ್ ಡೆಲಿವರಿ ಹುಡುಕಿ, ಮಕ್ಕಳು ಶಾಲೆಯ ಡೊಮೇನ್ ಒಳಗೆ ಮಾತ್ರ ಪತ್ರ ಕಳಿಸಿ ಪಡೆಯುವಂತೆ ಮಾಡಿ. ಹೊರಗಿನ ಸ್ಪ್ಯಾಮು, ಮೋಸದ ಲಿಂಕು, ಅಪರಿಚಿತರ ಪತ್ರ ಎಲ್ಲಕ್ಕೂ ಇದೊಂದೇ ಬೀಗ ಸಾಕಷ್ಟು ದೂರ ಬರುತ್ತದೆ. ಅಡ್ಡಪರಿಣಾಮ ಇಷ್ಟೇ: ಸ್ಪರ್ಧೆಗೋ ಪರೀಕ್ಷೆಗೋ ಇದೇ ವಿಳಾಸ ಕೊಟ್ಟು ನೋಂದಾಯಿಸಿದರೆ ಒಟಿಪಿ ಬರುವುದಿಲ್ಲ. ಅಂಥ ಡೊಮೇನನ್ನು ಪಟ್ಟಿಗೆ ಸೇರಿಸಬೇಕು.

ವಿಳಾಸದಲ್ಲಿ ಪೂರ್ತಿ ಹೆಸರು, ಹುಟ್ಟಿದ ವರ್ಷ ಬೇಡ. ರೋಲ್ ನಂಬರೂ ಬೇಡ, ಅದು ಪ್ರತಿ ವರ್ಷ ಬದಲಾಗುತ್ತದೆ. ಶಾಲೆಗೆ ಸೇರುವಾಗ ಕೊಡುವ ಜನರಲ್ ರಿಜಿಸ್ಟರ್ ನಂಬರ್ ಹಾಕಿದರೆ ಶಾಲೆ ಬಿಡುವ ತನಕ ಒಂದೇ.

ಪಾಸ್‌ವರ್ಡ್: ಎಲ್ಲರಿಗೂ ಒಂದೇ "ಸ್ಕೂಲ್ ಅಟ್ 123" ಕೊಟ್ಟರೆ ಮೊದಲ ಪೀರಿಯಡ್ಡಿನಲ್ಲೇ ಒಬ್ಬನ ಖಾತೆಯಿಂದ ಇನ್ನೊಬ್ಬ ಪತ್ರ ಹಾಕಿರುತ್ತಾನೆ. ಪ್ರತಿಯೊಬ್ಬರಿಗೂ ಬೇರೆ ಚೀಟಿ ಕೊಡಿ, ಮೊದಲ ಲಾಗಿನ್‌ನಲ್ಲೇ ಬದಲಿಸುವಂತೆ ಇಡಿ. ಮೂರು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದು ಅಂಕಿ, ಇದು ಮಕ್ಕಳಿಗೆ ನೆನಪೂ ಉಳಿಯುತ್ತದೆ, ಉದ್ದವೂ ಆಗುತ್ತದೆ. ಮರೆತವರಿಗೆ ಹೊಸದು ಕೊಡುವ ಕೆಲಸ ಕ್ಲಾಸ್ ಟೀಚರದ್ದು. ಅದಕ್ಕೆ ಪಾಸ್‌ವರ್ಡ್ ಬದಲಿಸುವ ಅಧಿಕಾರವಷ್ಟೇ ಇರುವ ಚಿಕ್ಕ ಅಡ್ಮಿನ್ ಪಾತ್ರ ಕೊಡಿ. ಸೂಪರ್ ಅಡ್ಮಿನ್ ಪಾಸ್‌ವರ್ಡ್ ಸ್ಟಾಫ್ ರೂಮಿನಲ್ಲಿ ತಿರುಗಬಾರದು. ಅದು ಇಬ್ಬರ ಕೈಲಿ ಮಾತ್ರ ಇರಲಿ, ಟೂ ಸ್ಟೆಪ್ (ಪಾಸ್‌ವರ್ಡ್ ಆದಮೇಲೆ ಇನ್ನೊಂದು ಖಾತ್ರಿ) ಕಡ್ಡಾಯ, ಬ್ಯಾಕಪ್ ಕೋಡುಗಳ ಪ್ರಿಂಟು ಮುಖ್ಯಾಧ್ಯಾಪಕರ ಕಪಾಟಿನಲ್ಲಿ.

10ನೇ ಇಯತ್ತೆ ಮುಗಿಸಿದವರ ಖಾತೆ ತಕ್ಷಣ ಅಳಿಸಬೇಡಿ. ತಮ್ಮ ಕಡತ ಇಳಿಸಿಕೊಳ್ಳಲು ಸಮಯ ಕೊಟ್ಟು, ಸಸ್ಪೆಂಡ್ ಮಾಡಿ, ಆಮೇಲೆ ಅಳಿಸಿ. ಅಳಿಸಿದ ಖಾತೆ ವಾಪಸ್ ತರಲು ಇರುವುದು 20 ದಿನ ಮಾತ್ರ.

ಇನ್ನು ಯಾರೂ ಕೇಳದ ಭಾಗ. ಮಕ್ಕಳ ಮಾಹಿತಿ ಹೊರಹೋಗುವುದು ಬಹಳ ಸಲ ಮಕ್ಕಳಿಂದಲ್ಲ, ಕಚೇರಿಯಿಂದ. 40 ಪಾಲಕರ ವಿಳಾಸವನ್ನು ಸಿಸಿಯಲ್ಲಿ ಹಾಕಿದರೆ ಎಲ್ಲರ ವಿಳಾಸ ಎಲ್ಲರಿಗೂ. ಒಬ್ಬರು ರಿಪ್ಲೈ ಆಲ್ ಒತ್ತಿದರೆ ಫೀ ಬಾಕಿಯ ಜಗಳವೂ ಎಲ್ಲರಿಗೂ. ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲು) ಬಳಸಿ, ಇಲ್ಲವೇ ಗ್ರೂಪ್ ವಿಳಾಸ ಮಾಡಿ. ಅಂಕಪಟ್ಟಿಯ ಶೀಟನ್ನು "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂದು ಹಂಚುವುದನ್ನು ಸಿಬ್ಬಂದಿ ವಿಭಾಗದಲ್ಲೂ ನಿಲ್ಲಿಸಿ. ಕಳಿಸಿದ ಪತ್ರ ತಡೆಯುವ ಅಂಡೂ ಸೆಂಡ್ ಸಮಯ 5 ಸೆಕೆಂಡ್ ಇರುತ್ತದೆ, ಎಲ್ಲ ಶಿಕ್ಷಕರೂ ಅದನ್ನು 30ಕ್ಕೆ ಏರಿಸಲಿ.

---

ವಾಸ್ಕೊ_ಟೀಚರ್

ನಿಯಮಪತ್ರ ಒಂದು ಪುಟ ಮೀರಬಾರದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. "ದುರುಪಯೋಗ ಮಾಡಬಾರದು" ಅಂತ ಬರೆದರೆ ಯಾರಿಗೂ ಏನೂ ತಿಳಿಯದು. ಮಾಡುವ ಕೆಲಸವನ್ನೇ ಬರೆಯಿರಿ: ಬೇರೆಯವರ ಖಾತೆ ತೆರೆಯುವುದಿಲ್ಲ, ಕೇಳದೆ ಯಾರ ಫೋಟೊವನ್ನೂ ಹಾಕುವುದಿಲ್ಲ, ಏಳುವಾಗ ಲಾಗೌಟ್ ಮಾಡುತ್ತೇನೆ, ಹೆದರಿಕೆಯಾಗುವಂಥದ್ದು ಕಂಡರೆ ಪರದೆ ಮುಚ್ಚದೆ ಟೀಚರಿಗೆ ಹೇಳುತ್ತೇನೆ, ಹಾಗೆ ಹೇಳಿದ್ದಕ್ಕೆ ನನಗೆ ಶಿಕ್ಷೆ ಇಲ್ಲ. ಈ ಕೊನೆಯದನ್ನು ಟ್ರಸ್ಟಿಗಳು ಹೊಡೆದುಹಾಕಲು ನೋಡುತ್ತಾರೆ, ಬಿಡಬೇಡಿ. "ಒಂದು ತಿಂಗಳು ಲ್ಯಾಬ್ ಬಂದ್" ಎಂಬ ಶಿಕ್ಷೆ ಇದ್ದರೆ ಮಗು ಮುಂದಿನ ಸಲ ಮುಚ್ಚಿಡುತ್ತದೆ.

ಶಾಲೆ ಏನೇನು ನೋಡುತ್ತದೆ ಎಂಬುದನ್ನೂ ಅದರಲ್ಲೇ ಬರೆಯಿರಿ: ಖಾತೆ ಶಾಲೆಯದು, ದೂರು ಬಂದರೆ ಮುಖ್ಯಾಧ್ಯಾಪಕರ ಲಿಖಿತ ಒಪ್ಪಿಗೆಯ ಮೇಲೆ ಇಬ್ಬರ ಎದುರು ತೆರೆಯಲಾಗುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪಾಲಕರ ಒಪ್ಪಿಗೆ ಬೇಕು. ಫೀ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚುಹಾಕಿ ಪಡೆದ ಸಹಿಯನ್ನು ಒಪ್ಪಿಗೆ ಅನ್ನಲಾಗದು.

ಯಾವುದಾದರೂ ಮಗುವಿನ ಅಶ್ಲೀಲ ಚಿತ್ರ ಹರಿದಾಡುತ್ತಿದೆ ಎಂದು ಗೊತ್ತಾದರೆ ಶಿಕ್ಷಕರು ಮಾಡುವ ದೊಡ್ಡ ತಪ್ಪು "ಸಾಕ್ಷಿಗೆ ಇರಲಿ" ಎಂದು ಅದನ್ನು ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕುವುದು. ಐಟಿ ಕಾಯ್ದೆಯ ಕಲಂ 67ಬಿ ಪ್ರಕಾರ ಅದೂ ಅಪರಾಧವೇ. ಖಾತೆಯ ಹೆಸರು, ಲಿಂಕು, ದಿನಾಂಕ, ವೇಳೆ ಕಾಗದದಲ್ಲಿ ಬರೆದುಕೊಳ್ಳಿ, ಸಾಧನವನ್ನು ಹಾಗೇ ತೆಗೆದಿಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಕಲಂ 19ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಸಜೆ ಆಗಬಹುದು. "ಶಾಲೆಯ ಮರ್ಯಾದೆ" ಅಂತ ಒಳಗೊಳಗೇ ಮುಗಿಸುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಹಣದ ಮೋಸಕ್ಕೆ 1930. ಇವೆರಡೂ ಲ್ಯಾಬಿನ ಗೋಡೆಯ ಮೇಲೆ ದೊಡ್ಡದಾಗಿ ಇರಲಿ.

---

ಚಿಂಚವಡ_ಗಣಕ

ಬಹಳ ಉಪಕಾರ ಆಯ್ತು. ಎರಡು ಉಳಿದವು. ಲಾಗೌಟ್ ಮರೆತು ಓಡುವವರಿಗೆ ಏನು ಮಾಡುವುದು? ಮತ್ತೆ, ಕಚೇರಿಯವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದ ಕನ್ನಡ ಸುತ್ತೋಲೆ ಪಾಲಕರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತಿದೆ.

---

ಮಾಟುಂಗಾ_ಅಂಚೆಪೆಟ್ಟಿಗೆ

ಲ್ಯಾಬಿನಲ್ಲಿ ಕ್ರೋಮ್‌ನ ಗೆಸ್ಟ್ ಮೋಡ್ ಬಳಸಿ. ಎಲ್ಲ ಗೆಸ್ಟ್ ಕಿಟಕಿಗಳನ್ನೂ ಮುಚ್ಚಿದರೆ ಲಾಗಿನ್, ಹಿಸ್ಟರಿ ಎರಡೂ ಹೋಗುತ್ತವೆ. ಒಂದು ಕಿಟಕಿ ಉಳಿದರೂ ಹೋಗುವುದಿಲ್ಲ, ಆದ್ದರಿಂದ ಪೀರಿಯಡ್ ಮುಗಿಯುವ 3 ನಿಮಿಷ ಮೊದಲು ಎಲ್ಲರಿಂದ ಒಟ್ಟಿಗೆ ಮುಚ್ಚಿಸಿ. ಡೌನ್‌ಲೋಡ್ ಮಾಡಿದ ಕಡತ ಮಾತ್ರ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಅದನ್ನು ಬೇರೆ ಅಳಿಸಬೇಕು.

ಸುತ್ತೋಲೆಯದು ಹಳೆಯ ಆಸ್ಕಿ ಫಾಂಟಿನ ಸಮಸ್ಯೆ. ಆ ಫಾಂಟ್ ಇಲ್ಲದ ಮೊಬೈಲ್ ಅಕ್ಷರದ ಹಿಂದಿರುವ ಸಂಕೇತವನ್ನೇ ತೋರಿಸುತ್ತದೆ. ನುಡಿಯಲ್ಲಿ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಆಯ್ಕೆ ಮಾಡಿ ಟೈಪ್ ಮಾಡಲಿ, ಕೀಲಿಮಣೆ ವಿನ್ಯಾಸ ಅದೇ ಇರುತ್ತದೆ. ಹಳೆಯ ಕಡತಗಳನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಹಾಕಿ ತೆಗೆದು, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ನೋಡಿ. ತಪ್ಪುವುದು ಹೆಚ್ಚಾಗಿ ಅಲ್ಲೇ. ಅವಸರವಿದ್ದರೆ ಪಿಡಿಎಫ್ ಮಾಡಿ ಕಳಿಸಿ, ಫಾಂಟ್ ಅದರೊಳಗೇ ಹೋಗುತ್ತದೆ.