ಪದಚರ್ಚೆ: ಬ್ರೌಸರಿನ ‘ಹಿಸ್ಟರಿ’ಗೆ ‘ಇತಿಹಾಸ’ ಬೇಕಾ, ‘ಜಾಡು’ ಸಾಕಾ?

ಗೆಳೆಯರೆ, ನಮಸ್ಕಾರ.

ಹೋದ ವಾರ ಕೊಡಗಿನ ಶನಿವಾರಸಂತೆಯ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರ ಲ್ಯಾಪ್‌ಟಾಪು ಹಳೆಯದು, ಅದರೊಳಗಿನ ಬ್ರೌಸರ್ ಇನ್ನೂ ಹಳೆಯದು. ಬ್ಯಾಂಕಿನ ಪುಟ ತೆರೀತಿಲ್ಲ ಅಂತ ಫೋನ್ ಮಾಡಿದ್ದರು. ಸರಿ, ಬೇರೊಂದು ಬ್ರೌಸರ್ ಹಾಕಿಕೊಡೋಣ ಅಂತ ಕೂತೆ. ಅವರಿಗೆ ಓದಲು ಸುಲಭವಾಗಲಿ ಎಂದು ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹೊಸ ಬ್ರೌಸರ್ ಮೊದಲು ಕೇಳಿದ್ದು, ಇತಿಹಾಸವನ್ನು ಆಮದು ಮಾಡಬೇಕೇ ಅಂತ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಓದಿದರು. “ಆಮದಾ? ಬೇಡ ಮಾರಾಯ, ಆಮದಿನಿಂದ ಹಾಳಾಗಿದ್ದು ಸಾಕು” ಅಂದರು. ಕಾಳುಮೆಣಸು ಬೆಳೆಯುವವರ ಮನೆಯಲ್ಲಿ ಆ ಪದಕ್ಕೆ ಇರುವ ಅರ್ಥ ಒಂದೇ. ವಿಯೆಟ್ನಾಂ ಮೆಣಸು ಶ್ರೀಲಂಕಾ ಸುತ್ತಿ ಬಂದು ಇಲ್ಲಿನ ರೇಟು ಬೀಳಿಸಿದ್ದು. 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟದ್ದು ಅವರಿಗೆ ಇವತ್ತಿಗೂ ಬಾಯಿಪಾಠ. ನಾನೂ ನಕ್ಕು ‘ಬೇಡ’ ಒತ್ತಿಬಿಟ್ಟೆ.

ಆಮೇಲೆ ಹಳೆಯ ಬ್ರೌಸರ್ ತೆಗೆಯುವಾಗ ಇನ್ನೊಂದು ಪ್ರಶ್ನೆ: ಬ್ರೌಸಿಂಗ್ ಇತಿಹಾಸ ತೆರವುಗೊಳಿಸಬೇಕೇ? “ನನ್ನ ಇತಿಹಾಸ ತೆರವು ಮಾಡೋಕೆ ಇವನ್ಯಾರು?” ಅಂದರು ದೊಡ್ಡಪ್ಪ. ಅದನ್ನೂ ತಮಾಷೆ ಅಂತಲೇ ತಿಳಿದೆ. ಟಿಕ್ ಹಾಕಿ, ಕಾಫಿ ಕುಡಿದು, ಮಡಿಕೇರಿ ಬಸ್ಸು ಹತ್ತಿದೆ.

ಮಾರನೇ ದಿನ ಬೆಳಗ್ಗೆಯೇ ಫೋನ್. “ಏನ್ ಮಾಡಿಟ್ಟೆ? ಮೊದಲು ಇಂಗ್ಲಿಷ್ ‘ಸಿ’ ಒಂದು ಒತ್ತಿದ್ರೆ ಕಾಫಿ ರೇಟು ಬರ್ತಿತ್ತು. ಈಗ ಏನೇನೋ ಬರ್ತದೆ.”

ಅವರು ಜೀವಮಾನದಲ್ಲಿ ಒಂದು ಬುಕ್‌ಮಾರ್ಕ್ (ಬೇಕಾದ ಪುಟಕ್ಕೆ ಇಟ್ಟುಕೊಳ್ಳುವ ಗುರುತು) ಇಟ್ಟವರಲ್ಲ. ಒಂದಕ್ಷರ ಒತ್ತಿದರೆ ಬೇಕಾದ ಪುಟ ಎದ್ದು ಬರುತ್ತಿದ್ದದ್ದು ಹಿಸ್ಟರಿಯ ದಯೆಯಿಂದ. ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) 50 ಕಿಲೋ ಮೂಟೆಗೆ ಎಷ್ಟು, ಚೆರಿಗೆ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಎಷ್ಟು, ನಾಳೆ ಮಳೆ ಉಂಟಾ, ಪಹಣಿ ಎಲ್ಲಿ ಸಿಗುತ್ತದೆ, ಎಲ್ಲದರ ದಾರಿಯೂ ಅದರಲ್ಲೇ ಇತ್ತು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅರ್ಧ ತಪ್ಪು ಪದಗಳದ್ದೂ ಹೌದು ಅಂತ ನನ್ನ ವಾದ. ‘ಹಿಂದೆ ನೋಡಿದ ಪುಟಗಳನ್ನು ಇಲ್ಲಿಗೂ ತಂದುಕೊಳ್ಳಬೇಕೇ?’ ಎಂದು ಕೇಳಿದ್ದರೆ ದೊಡ್ಡಪ್ಪ ‘ಹೂಂ’ ಅನ್ನುತ್ತಿದ್ದರು. ಅಲ್ವಾ?

‘ತೆರವು’ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯಲ್ಲಿ ಅದು ಬಹಳ ತೂಕದ ಪದ. ಪೈಸಾರಿ (ಸರ್ಕಾರಿ) ಜಾಗದ ಒತ್ತುವರಿ ತೆರವು, ರಸ್ತೆಗೆ ಬಿದ್ದ ಮರದ ತೆರವು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದಾಗ ದಿನಾ ಕೇಳುತ್ತಿದ್ದದ್ದು ಮಣ್ಣು ತೆರವು. ಜೆಸಿಬಿ ಇಲ್ಲದೆ ತೆರವು ಅನ್ನುವ ಮಾತೇ ಇಲ್ಲ ಇಲ್ಲಿ. ನಾಲ್ಕು ಪುಟದ ಹೆಸರು ಅಳಿಸುವುದಕ್ಕೆ ಅದು ಯಾಕೆ ಬೇಕು? ‘ಅಳಿಸು’ ಇದೆ. ಸ್ಲೇಟು ನೆನಪಿರುವವರಿಗೆ ‘ಒರೆಸು’ ಕೂಡ ಆದೀತು.

ಈಗ ಮುಖ್ಯ ಪದಕ್ಕೆ. ಇತಿಹಾಸ ಅಂದರೆ ‘ಇತಿ ಹ ಆಸ’, ಹೀಗಿತ್ತು ಅಂತ. ರಾಜರು, ಯುದ್ಧ, ಶಾಸನ ಎಲ್ಲ ಅದರ ಹಿಂದೆ ಬರುತ್ತವೆ. ಬ್ರೌಸರಿನದ್ದು ಎಷ್ಟು ದಿನದ ಮಾತು? ಕ್ರೋಮಿನ ಹಿಸ್ಟರಿ ಪುಟ ತೆರೆದರೆ ಸುಮಾರು 90 ದಿನದ್ದು ಮಾತ್ರ ಕಾಣುತ್ತದೆ. ಮೂರು ತಿಂಗಳು! ನಮ್ಮಲ್ಲಿ ಒಂದು ಮಳೆಗಾಲಕ್ಕೂ ಸಾಲದು. ಅದೇ ದೊಡ್ಡಪ್ಪ ಮಳೆ ಲೆಕ್ಕ ಬರೆಯುವ ಪುಸ್ತಕ ಇಟ್ಟಿದ್ದಾರೆ, ‘1 ಇಂಚು 20 ಸೆಂಟ್’ ಅಂತ ದಿನಾ ಬರೆದದ್ದು, ಅವರಪ್ಪನ ಕಾಲದಿಂದ. ಇತಿಹಾಸ ಅಂದರೆ ಅದು.

‘ಚರಿತ್ರೆ’ ಸ್ವಲ್ಪ ವಾಸಿ. ‘ಚರ’ ಅಂದರೆ ನಡೆಯುವುದು, ಓಡಾಡುವುದು, ಮೂಲಾರ್ಥ ಚೆನ್ನಾಗಿಯೇ ಹೊಂದುತ್ತದೆ. ಆದರೆ ‘ಅವನ ಚರಿತ್ರೆ ನಂಗೊತ್ತಿಲ್ವಾ’ ಅನ್ನುವ ದನಿ ನೆನಪಾಗಿ ಮನೆಯವರ ಮುಂದೆ ತೆರೆಯಲು ಭಯವಾಗುತ್ತದೆ. (ಕೆಲವರಿಗೆ ಆ ಭಯ ಸರಿಯಾದದ್ದೇ.) ಕೊಡವ ಗೆಳೆಯರೊಬ್ಬರು ‘ಪಳಮೆ’ ಅಂತಿಡಿ ಅಂದರು. ಹಿರಿಯರಿಂದ ಬಂದ ಹಳೆಯ ಸಂಗತಿಗೆ ಕೊಡವ ತಕ್ಕಿನಲ್ಲಿ ಬಳಸುವ ಪದ. ನಿನ್ನೆ ರಾತ್ರಿ ಹುಡುಕಿದ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟು ಪಳಮೆಯಾಗುವುದು ಹೇಗೆ ಅಂದೆ. ಅವರೂ ನಕ್ಕರು.

ನನ್ನ ಮನಸ್ಸು ನಿಂತಿರುವುದು ‘ಜಾಡು’ ಅನ್ನುವುದರ ಮೇಲೆ. ಬೆಳಗ್ಗೆ ತೋಟಕ್ಕೆ ಇಳಿದರೆ ಮೊದಲು ನೋಡುವುದು ರಾತ್ರಿ ಆನೆ ಬಂದ ಜಾಡು. ಎಲ್ಲಿ ಬೇಲಿ ದಾಟಿತು, ಯಾವ ಬಾಳೆ ಮುರಿಯಿತು, ಎಷ್ಟು ಹೊತ್ತು ನಿಂತಿತ್ತು, ಎಲ್ಲ ನೆಲದ ಮೇಲೆ ಗೊತ್ತಾಗುತ್ತದೆ. ನಾಲ್ಕು ಮಳೆ ಹೊಡೆದರೆ ತಾನಾಗಿ ಮಾಸಿಹೋಗುತ್ತದೆ. ಹಿಸ್ಟರಿಯೂ ಅಷ್ಟೇ ತಾನೆ? ಇನ್ನೊಂದು ಖುಷಿಯ ವಿಷಯ. ಇಂಗ್ಲಿಷಿನ ‘ಬ್ರೌಸ್’ ಪದದ ಹಳೆಯ ಅರ್ಥವೂ ದನ, ಜಿಂಕೆ ಚಿಗುರು ಮೇಯುವುದು. ಮೇಯ್ದದ್ದಕ್ಕೆ ಜಾಡು ಇರಲೇಬೇಕಲ್ಲ.

‘ಜಾಡು ಅಳಿಸು’, ‘ಹಳೆ ಜಾಡು ತಂದುಕೋ’, ‘ಜಾಡು ಬಿಡದ ಕಿಟಕಿ’. ಕೊನೆಯದ್ದು ಇನ್‌ಕಾಗ್ನಿಟೋಗೆ, ಆದರೆ ಅಲ್ಲಿ ನನಗೇ ಒಂದು ತಕರಾರು. ಆ ಕಿಟಕಿ ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಗುರುತು ಉಳಿಸುವುದಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ, ತೆರೆದ ಸೈಟಿಗೆ ಜಾಡು ಸಿಕ್ಕೇ ಸಿಗುತ್ತದೆ. ಹಾಗಾಗಿ ಆ ಹೆಸರು ಸುಳ್ಳು ಹೇಳಿದ ಹಾಗಾಗುತ್ತದೆ. ಇದಕ್ಕೆ ಬೇರೆ ಏನಾದರೂ ಹೊಳೆದರೆ ಹೇಳಿ.

ಕೇಳಬೇಕಾದದ್ದು ಇಷ್ಟು. ನಿಮ್ಮ ಕಡೆ ‘ಜಾಡು’ ಈ ಅರ್ಥದಲ್ಲಿ ಬಳಕೆಯಲ್ಲಿ ಇದೆಯಾ? ಧಾರವಾಡ, ಕಲಬುರಗಿ ಕಡೆಯವರು ಮುಖ್ಯವಾಗಿ ಹೇಳಬೇಕು. ಕೇಳಿದ ಕೂಡಲೇ ‘ಜಾಡಿಸು’, ‘ಜಾಡಮಾಲಿ’ ನೆನಪಾಗಿ ಗುಡಿಸುವ ಕೆಲಸ ಅನ್ನಿಸುತ್ತದಾ? ಮತ್ತೆ ‘ಜಾಡು ಹಿಡಿ’ ಅನ್ನುವುದರಲ್ಲಿ ಪೊಲೀಸಿನ ವಾಸನೆ ಜಾಸ್ತಿ ಅಂತ ತಂಗಿಯ ಆಕ್ಷೇಪ. ಅದಕ್ಕಿಂತ ‘ನೋಡಿದ್ದು’ ಅಂತ ಸೀದಾ ಬರೆದರೆ ಆಗದಾ ಅಂತ ಅವಳು ಕೇಳುತ್ತಾಳೆ. ನನ್ನ ಬಳಿ ಉತ್ತರ ಇಲ್ಲ.

ದೊಡ್ಡಪ್ಪನ ಬ್ರೌಸರಿಗೆ ಸದ್ಯಕ್ಕೆ ಆರು ಬುಕ್‌ಮಾರ್ಕ್ ಹಾಕಿ ಬಂದಿದ್ದೇನೆ. ಅವರು ಅದನ್ನು ‘ಗೂಟ’ ಅಂತಾರೆ.